ಪಿಯುಸಿ ಓದು: ಯಾವ ವಿಷಯ ಆನ್‌ಲೈನಲ್ಲಿ, ಯಾವುದು ಎದುರು ಕೂತು?

ಎಸ್‌ಎಸ್‌ಎಲ್‌ಸಿ ರಿಸಲ್ಟ್ ಬಂದ ವಾರದಿಂದಲೇ ಮನೆಮನೆಯಲ್ಲಿ ಇದೇ ಚರ್ಚೆ. ಸೈನ್ಸ್ ತಗೊಂಡ ಮಗಳನ್ನು ಊರಲ್ಲೇ ಪಿಯು ಕಾಲೇಜಿಗೆ ಸೇರಿಸಿ, ಸಿಇಟಿಗೆ ಮೊಬೈಲಲ್ಲೇ ಕೋಚಿಂಗ್ ಕೊಡಿಸಿದರೆ ಸಾಕಾ? ಇಲ್ಲ, ಸಾಲ ಮಾಡಿಯಾದರೂ ದೂರದ ಊರಿನ ಹಾಸ್ಟೆಲ್ಲಿಗೆ ಹಾಕಬೇಕಾ? ಅಪ್ಪನದ್ದೊಂದು ಲೆಕ್ಕ, ಅಮ್ಮನದ್ದೊಂದು ಭಯ, ಚಿಕ್ಕಪ್ಪನ ಮಗ ಯಾವುದೋ ಆಪ್ ನೋಡಿಕೊಂಡೇ ಒಳ್ಳೆ ರ‍್ಯಾಂಕ್ ತೆಗೆದ ಅನ್ನೋ ಉದಾಹರಣೆ ಬೇರೆ. ಓದಬೇಕಾದ ಮಗುವನ್ನು ಮಾತ್ರ ಯಾರೂ ಸರಿಯಾಗಿ ಕೇಳಿರುವುದಿಲ್ಲ.

ನಾನು ಹೇಳೋದು ಇಷ್ಟು. ಇಡೀ ಮಗುವಿಗೆ ಒಂದೇ ತೀರ್ಮಾನ ಮಾಡಬೇಡಿ. ಒಂದೊಂದು ವಿಷಯಕ್ಕೂ ಬೇರೆ ಬೇರೆ ತೀರ್ಮಾನ ಮಾಡಿ. ಯಾವ ವಿಷಯದಲ್ಲಿ ಗಟ್ಟಿ ಇದ್ದಾಳೋ ಅದನ್ನು ಧೈರ್ಯವಾಗಿ ಆನ್‌ಲೈನಿಗೆ ಬಿಡಿ. ಯಾವುದರಲ್ಲಿ ಹಿಂದಿದ್ದಾಳೋ ಅದಕ್ಕೆ ಎದುರಿಗೆ ಕೂತು ಪಾಠ ಮಾಡೋ ಮೇಷ್ಟ್ರನ್ನು ಹುಡುಕಿ. ಬಹಳ ಮನೆಗಳಲ್ಲಿ ಇದು ಉಲ್ಟಾ ಆಗುತ್ತದೆ. ಮಗು ಫಿಸಿಕ್ಸಲ್ಲಿ ಒದ್ದಾಡುತ್ತಿದೆ ಅಂತ ಗೊತ್ತಾದ ಕೂಡಲೇ ಒಂದು ಆಪ್‌ಗೆ ದುಡ್ಡು ಕಟ್ಟುತ್ತಾರೆ. ಒದ್ದಾಡುವ ಮಗುವಿಗೇ ಆಪ್ ಅತೀ ಕಡಿಮೆ ಕೆಲಸಕ್ಕೆ ಬರುವುದು.

ಯಾಕೆ ಹೀಗೆ ಹೇಳುತ್ತಿದ್ದೇನೆ

ಇದು ನನ್ನ ಊಹೆ ಅಲ್ಲ. ಅಮೆರಿಕದ ಡಿವ್ರೈ ವಿಶ್ವವಿದ್ಯಾಲಯದಲ್ಲಿ ಒಂದೇ ಕೋರ್ಸು ಎರಡು ರೀತಿ ಸಿಗುತ್ತಿತ್ತು: ಆನ್‌ಲೈನಲ್ಲಿ ಒಂದು, ಕ್ಲಾಸಲ್ಲಿ ಒಂದು. ಸಿಲಬಸ್ ಅದೇ, ಪುಸ್ತಕ ಅದೇ, ಅಸೈನ್‌ಮೆಂಟ್ ಕೂಡ ಅದೇ. 2017ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಆನ್‌ಲೈನಲ್ಲಿ ತಗೊಂಡವರ ಗ್ರೇಡ್, ನಾಲ್ಕು ಪಾಯಿಂಟಿನ ಅಳತೆಯಲ್ಲಿ, ಸರಾಸರಿ 0.44 ಪಾಯಿಂಟ್ ಇಳಿಯಿತು. ಅಂದರೆ ಬಿ ಮೈನಸ್ ಬರಬೇಕಿದ್ದವರಿಗೆ ಸಿ ಬಂದ ಹಾಗೆ. ಪೆಟ್ಟು ಎಲ್ಲರಿಗೂ ಒಂದೇ ಸಮ ಬೀಳಲಿಲ್ಲ. ಮೊದಲಿಂದಲೂ ಅಂಕ ಕಡಿಮೆ ಇದ್ದವರಿಗೇ ಜಾಸ್ತಿ ಬಿತ್ತು.

ಇದಕ್ಕೆ ವಿರುದ್ಧ ಅನ್ನಿಸುವ ವರದಿಯೂ ಇದೆ. ಅಮೆರಿಕದ ಶಿಕ್ಷಣ ಇಲಾಖೆ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2010ರಲ್ಲಿ ಹೇಳಿದ್ದು, ಆನ್‌ಲೈನಲ್ಲಿ ಕಲಿತವರು ಸ್ವಲ್ಪ ಮುಂದೆ, ಎರಡನ್ನೂ ಬೆರೆಸಿ ಕಲಿತವರು ಇನ್ನೂ ಮುಂದೆ ಅಂತ. ಆಪ್ ಮಾರುವವರು ತೋರಿಸುವುದು ಈ ಸಾಲನ್ನೇ. ಅದೇ ವರದಿಯಲ್ಲಿ ಇನ್ನೊಂದು ಮಾತೂ ಇದೆ. ಬೆರೆಸಿ ಕಲಿತವರಿಗೆ ಓದಲು ಹೆಚ್ಚು ಹೊತ್ತು ಮತ್ತು ಹೆಚ್ಚು ಸಾಮಗ್ರಿ ಸಿಕ್ಕಿತ್ತು, ಹಾಗಾಗಿ ಲಾಭ ಆಗಿದ್ದು ಸ್ಕ್ರೀನಿನಿಂದಲೇ ಅಂತ ಹೇಳಲಾಗದು. ಮೇಲಾಗಿ ಅಲ್ಲಿದ್ದವರು ಹೆಚ್ಚಾಗಿ ಕಾಲೇಜು ಮಕ್ಕಳು ಮತ್ತು ದೊಡ್ಡವರು, ಶಾಲೆ ಮಕ್ಕಳ ಅಧ್ಯಯನ ಬೆರಳೆಣಿಕೆಯಷ್ಟು.

ಸ್ಕ್ರೀನು ಕೆಟ್ಟದ್ದಲ್ಲ, ಗೋಡೆಯ ಮೇಲಿನ ಬೋರ್ಡು ಪವಿತ್ರವೂ ಅಲ್ಲ. ಮಗು ತಪ್ಪಿದ್ದನ್ನು ಯಾರಾದರೂ ಗಮನಿಸುತ್ತಾರಾ, ಎಷ್ಟು ಬೇಗ ಗಮನಿಸುತ್ತಾರೆ, ಅಷ್ಟೇ ಮುಖ್ಯ. ಚೆನ್ನಾಗಿ ಓದುವ ಮಗು ತನ್ನ ತಪ್ಪನ್ನು ತಾನೇ ಹಿಡಿಯುತ್ತದೆ. ಹಿಂದಿರುವ ಮಗುವಿಗೆ ತಪ್ಪಿದ್ದೇನೆ ಅಂತಲೇ ಗೊತ್ತಾಗುವುದಿಲ್ಲ.

ಒಂದು ಲೆಕ್ಕ ತಗೊಳ್ಳಿ. ಸೆಕೆಂಡ್ ಪಿಯುಸಿ ಫಿಸಿಕ್ಸಲ್ಲಿ ಕರ್ಚಾಫ್ ನಿಯಮ ಬರುತ್ತದಲ್ಲ, ಸರ್ಕ್ಯೂಟಿನ ಒಂದು ಸುತ್ತು ಹಾಕಿಕೊಂಡು ವೋಲ್ಟೇಜ್ ಕೂಡಿಸಿ ಕಳೆಯುವುದು. ಕರೆಂಟ್ ಹರಿಯುವ ದಿಕ್ಕಿನಲ್ಲೇ ರೆಸಿಸ್ಟರ್ ದಾಟಿದರೆ ಮೈನಸ್ ಐಆರ್ (ಕರೆಂಟ್ ಗುಣಿಸು ರೆಸಿಸ್ಟೆನ್ಸ್). ಬ್ಯಾಟರಿಯ ನೆಗೆಟಿವ್ ಕಡೆಯಿಂದ ಪಾಸಿಟಿವ್ ಕಡೆಗೆ ಹೋದರೆ ಪ್ಲಸ್. ವಿಡಿಯೋದಲ್ಲಿ ಮೇಷ್ಟ್ರು ಬಣ್ಣಬಣ್ಣದ ಬಾಣ ಹಾಕಿ ತೋರಿಸುವಾಗ ನೀರು ಕುಡಿದಷ್ಟು ಸುಲಭ. ಮಗಳು ತಲೆ ಆಡಿಸುತ್ತಾಳೆ. ಆಮೇಲೆ ಎರಡು ಸುತ್ತು ಇರುವ ಲೆಕ್ಕ ಬಂತು. ಮಧ್ಯದ ರೆಸಿಸ್ಟರಿನಲ್ಲಿ ಅವಳು ಕರೆಂಟಿಗೆ ಎದುರಾಗಿ ಹೋಗುತ್ತಿದ್ದಾಳೆ, ಆದರೂ ಅಭ್ಯಾಸದ ಮೇಲೆ ಮೈನಸ್ಸೇ ಬರೆಯುತ್ತಾಳೆ. ಉತ್ತರ ತಪ್ಪುತ್ತದೆ. ಕೆಳಗೆ ಕೊಟ್ಟ ಸಲ್ಯೂಷನ್ ನೋಡಿ "ಓ, ಸೈನ್ ಮಿಸ್ಟೇಕ್" ಅಂದುಕೊಂಡು ಮುಂದೆ ಹೋಗುತ್ತಾಳೆ. ಅದು ಕೈತಪ್ಪಲ್ಲ, ನಿಯಮವೇ ಅರ್ಥವಾಗಿಲ್ಲ ಅನ್ನುವುದು ಅವಳಿಗೆ ಹೊಳೆಯಲಿಲ್ಲ. ಬೆಂಚಿನ ನಡುವೆ ಓಡಾಡುವ ಲೆಕ್ಚರರ್ ಆಗಿದ್ದರೆ ಆ ಮೈನಸ್ಸಿನ ಮೇಲೆ ಬೆರಳಿಟ್ಟು "ಯಾವ ಕಡೆ ಹೊರಟಿದ್ದೀಯ, ತೋರಿಸಮ್ಮ" ಅನ್ನುತ್ತಿದ್ದರು. ಅರ್ಧ ನಿಮಿಷದ ಕೆಲಸ. ಆ ಅರ್ಧ ನಿಮಿಷ ಸಿಗದೆ ಆ ತಪ್ಪು ಪರೀಕ್ಷೆ ಹಾಲಿನವರೆಗೂ ಜೊತೆಗೇ ಹೋಗುತ್ತದೆ.

ಮೊದಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಿ

ದುಡ್ಡು ಕಟ್ಟುವ ಮೊದಲು ಇದನ್ನು ಮಾಡಿ. ಒಂದು ವಿಷಯ ಆರಿಸಿಕೊಳ್ಳಿ. ಒಂದು ಪಾಠವನ್ನು ಮಗು ವಿಡಿಯೋ ನೋಡಿಯೇ ಕಲಿಯಲಿ. ಹೆಚ್ಚುಕಮ್ಮಿ ಅಷ್ಟೇ ಕಷ್ಟದ ಇನ್ನೊಂದು ಪಾಠ ಕಾಲೇಜಿನ ಕ್ಲಾಸಲ್ಲಿ ಆಗಲಿ. ಎರಡಕ್ಕೂ ಪಾಠ ಮುಗಿದ ಒಂದು ವಾರದ ಮೇಲೆ, ಪುಸ್ತಕ ಮುಚ್ಚಿಸಿ, ಪಠ್ಯಪುಸ್ತಕದ ಅಭ್ಯಾಸದಿಂದಲೇ ಹತ್ತು ಪ್ರಶ್ನೆ ಬರೆಸಿ. ಮೊದಲೇ ಹೇಳಬೇಡಿ. ಬರೆದಿದ್ದನ್ನು ಸಲ್ಯೂಷನ್ ಜೊತೆ ಸಾಲು ಸಾಲಾಗಿ ಹೋಲಿಸಿ ನೋಡಿ.

ವಾರ ಬಿಡಲೇಬೇಕು. ಅವತ್ತೇ ಕೇಳಿದರೆ ಎಲ್ಲ ಬರುತ್ತದೆ, ನಂಬಬೇಡಿ. ರೋಡಿಗರ್ ಮತ್ತು ಕಾರ್ಪಿಕೆ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಕೆಲವು ವಿದ್ಯಾರ್ಥಿಗಳು ಒಂದೇ ಬರಹವನ್ನು ಮತ್ತೆ ಮತ್ತೆ ಓದಿದರು. ಇನ್ನು ಕೆಲವರು ಒಂದು ಸಲ ಓದಿ, ಆಮೇಲೆ ನೋಡದೆ ಮೂರು ಸಲ ನೆನಪಿಂದ ಬರೆದರು. ಐದು ನಿಮಿಷದ ನಂತರ ಕೇಳಿದಾಗ ಓದಿದವರೇ ಮುಂದು. ಒಂದು ವಾರ ಕಳೆದ ಮೇಲೆ ನೋಡಿದರೆ ಬರೀ ಓದಿದವರಿಗೆ ನೆನಪಿದ್ದಿದ್ದು ಸುಮಾರು ಶೇಕಡಾ 40, ಬರೆದು ನೋಡಿಕೊಂಡವರಿಗೆ ಸುಮಾರು ಶೇಕಡಾ 61. ಒಂದೇ ವಿಡಿಯೋವನ್ನು ಮೂರು ಸಲ ನೋಡಿ "ಬಂತು" ಅನ್ನುವ ಮಕ್ಕಳೆಲ್ಲ ಮೊದಲನೇ ಗುಂಪಿನವರು.

ಹತ್ತರಲ್ಲಿ ಏಳೆಂಟು ವಿಡಿಯೋ ಪಾಠದಿಂದಲೇ ಬಂದರೆ ಆ ವಿಷಯವನ್ನು ಆನ್‌ಲೈನಿಗೆ ಬಿಡಬಹುದು. ಐದಕ್ಕಿಂತ ಕೆಳಗಾದರೆ ಬೇಡ. ನಡುವೆ ಇದ್ದರೆ ಎರಡನ್ನೂ ಬೆರೆಸಿ, ಹೇಗೆ ಅಂತ ಕೆಳಗೆ ಹೇಳುತ್ತೇನೆ. ಇದು ನಾನು ಹಾಕಿಕೊಂಡ ಅಂದಾಜು ಗೆರೆ, ನಿಮ್ಮ ಮಗುವನ್ನು ನೋಡಿಕೊಂಡು ಆಚೀಚೆ ಮಾಡಿಕೊಳ್ಳಿ.

ಇಂಗ್ಲಿಷ್ ಬಾರದ ಅಮ್ಮ ಇದನ್ನೆಲ್ಲ ಹೇಗೆ ನೋಡೋದು ಅಂತ ಕೇಳಬಹುದು. ಫಿಸಿಕ್ಸ್ ಗೊತ್ತಿರಬೇಕಿಲ್ಲ. ಪುಸ್ತಕ ಮುಚ್ಚಿ, "ಇವತ್ತು ಏನು ಕಲಿತೆ, ನನಗೆ ಕನ್ನಡದಲ್ಲಿ ಹೇಳು" ಅನ್ನಿ. ಎಲ್ಲಿ ತಡವರಿಸುತ್ತಾಳೋ, ಎಲ್ಲಿ "ಅದೇ ಅಮ್ಮ, ಅದು ಹಂಗೇ" ಅಂತ ಹಾರಿಸುತ್ತಾಳೋ, ಅಲ್ಲಿ ಅರ್ಥವಾಗಿಲ್ಲ. ಅಲ್ಲಿಗೆ ಪೆನ್ಸಿಲಲ್ಲಿ ಒಂದು ಗುರುತು ಹಾಕಿಸಿ. "ಓದಿದ್ಯಾ?" ಅಂತ ಕೇಳಿದರೆ "ಹ್ಞೂಂ" ಅನ್ನೋದು ಬಿಟ್ಟು ಬೇರೆ ಉತ್ತರ ಬರುವುದಿಲ್ಲ.

ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೆ

ಇವರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯಬೇಕು, ಯಾಕೆಂದರೆ ಇವರಿಗೇ ಅತೀ ಹೆಚ್ಚು ತಪ್ಪು ಸಲಹೆ ಸಿಗುವುದು. ಹತ್ತು ವರ್ಷ ವೇಗೋತ್ಕರ್ಷ, ಆಮ್ಲ, ಪ್ರತ್ಯಾಮ್ಲ ಅಂತ ಓದಿದ ಹುಡುಗನಿಗೆ ಜೂನ್ ತಿಂಗಳಲ್ಲಿ ಎಲ್ಲವೂ ಒಮ್ಮೆಗೇ ಇಂಗ್ಲಿಷ್. ಕ್ಲಾಸಲ್ಲಿ ಲೆಕ್ಚರರ್ ಹೇಳುವಷ್ಟು ವೇಗಕ್ಕೆ ಕಿವಿ ಹೊಂದುವುದಕ್ಕೇ ಎರಡು ಮೂರು ತಿಂಗಳು ಬೇಕು. ಎದ್ದು ನಿಂತು ಡೌಟ್ ಕೇಳೋಣ ಅಂದರೆ ಭಾಷೆಯ ಸಂಕೋಚ. ಮೊದಲ ಕಿರುಪರೀಕ್ಷೆಯಲ್ಲಿ ಅಂಕ ಕುಸಿಯುತ್ತದೆ, ಸೈನ್ಸೇ ತನಗಾಗದು ಅಂದುಕೊಳ್ಳುತ್ತಾನೆ. ಎಸ್‌ಎಸ್‌ಎಲ್‌ಸಿಯಲ್ಲಿ ಒಳ್ಳೆ ಅಂಕ ತೆಗೆದ ಮಕ್ಕಳೂ ಆರ್ಟ್ಸಿಗೆ ಬದಲಾಯಿಸಿಕೊಳ್ಳೋಣ ಅನ್ನುವುದು ಈ ತಿಂಗಳುಗಳಲ್ಲೇ.

ಇಲ್ಲಿ ಆನ್‌ಲೈನ್ ನಿಜವಾಗಿ ಸಹಾಯ ಮಾಡುತ್ತದೆ. ವಿಡಿಯೋವನ್ನು ನಿಲ್ಲಿಸಬಹುದು, ಹಿಂದೆ ತಗೊಂಡು ಹೋಗಬಹುದು, ನಿಧಾನ ಮಾಡಬಹುದು. ಕನ್ನಡದಲ್ಲಿ ಪಿಯುಸಿ ಪಾಠ ಹೇಳುವವರು ಯೂಟ್ಯೂಬಿನಲ್ಲಿ ಈಗ ಸಾಕಷ್ಟಿದ್ದಾರೆ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಇದ್ದರೆ ಸ್ಕ್ಯಾನ್ ಮಾಡಿ, ದೀಕ್ಷಾ ಆಪ್‌ನಲ್ಲಿ ಪಾಠ ತೆರೆಯುತ್ತದೆ, ದುಡ್ಡು ಕೊಡಬೇಕಿಲ್ಲ. ಹಾಗಾಗಿ ಈ ಮಕ್ಕಳು ಕ್ಲಾಸಿಗೆ ಹೋಗುವ ಹಿಂದಿನ ರಾತ್ರಿಯೇ ಪಾಠವನ್ನು ಕನ್ನಡದಲ್ಲಿ ನೋಡಿಕೊಳ್ಳಲಿ. ಆಮೇಲೆ ನೋಡಿದರೂ ಉಪಯೋಗ ಇದೆ, ಆದರೆ ಮೊದಲೇ ನೋಡಿದರೆ ಮರುದಿನ ಕ್ಲಾಸಲ್ಲಿ ವಿಷಯ ಗೊತ್ತಿರುತ್ತದೆ, ಕಲಿಯಬೇಕಾದ್ದು ಇಂಗ್ಲಿಷ್ ಪದ ಮಾತ್ರ ಉಳಿಯುತ್ತದೆ. ಒಂದು ಪುಟ್ಟ ನೋಟ್‌ಬುಕ್ ಇಟ್ಟು ಎಡಕ್ಕೆ ಕನ್ನಡ ಪದ, ಬಲಕ್ಕೆ ಇಂಗ್ಲಿಷ್ ಪದ ಬರೆಯುತ್ತಾ ಹೋಗಲಿ.

ಆದರೆ ಇಂಥ ಮಗುವನ್ನು ಪೂರ್ತಿ ಆನ್‌ಲೈನಿಗೆ ಬಿಡಬೇಡಿ. ಕನ್ನಡದಲ್ಲಿ ಅರ್ಥವಾಗುತ್ತದೆ ಅಂತ ಅಲ್ಲೇ ಉಳಿದುಬಿಟ್ಟರೆ ಉತ್ತರಪತ್ರಿಕೆ ಇಂಗ್ಲಿಷಲ್ಲಿ ಬರೆಯುವಾಗ ಕೈ ಓಡುವುದಿಲ್ಲ.

ಆನ್‌ಲೈನಲ್ಲಿ ಕಲಿಯುವುದಾದರೆ

ಮಲಗಿಕೊಂಡು ಮೊಬೈಲಲ್ಲಿ ನೋಡುವುದು ಬೇಡ. ಕುರ್ಚಿ, ಮೇಜು, ನೋಟ್‌ಬುಕ್, ಪೆನ್ನು. ಮನೆಯ ಟಿವಿಯಲ್ಲಿ ಯೂಟ್ಯೂಬ್ ಬರುತ್ತದಾ? ಹಾಗಾದರೆ ಪಾಠ ಟಿವಿಯಲ್ಲೇ ಬರಲಿ, ಮೊಬೈಲು ಅಮ್ಮನ ಹತ್ತಿರ ಇರಲಿ. ರೆಕಾರ್ಡೆಡ್ ಪಾಠವಾದರೂ ದಿನಾ ಒಂದೇ ಹೊತ್ತಿಗೆ ನೋಡಲಿ. "ಯಾವಾಗ ಬೇಕಾದರೂ ನೋಡಬಹುದು" ಅನ್ನೋದೇ ಆನ್‌ಲೈನಿನ ದೊಡ್ಡ ಅಪಾಯ. ಎಂಐಟಿ ಮತ್ತು ಹಾರ್ವರ್ಡಿನ ಉಚಿತ ಆನ್‌ಲೈನ್ ಕೋರ್ಸುಗಳಿಗೆ 2017-18ರಲ್ಲಿ ಸೇರಿದವರ ಪೈಕಿ ಪೂರ್ತಿ ಮುಗಿಸಿದವರು ಶೇಕಡಾ 3ರ ಆಸುಪಾಸು. ದುಡ್ಡು ಕಟ್ಟಿ ಸರ್ಟಿಫಿಕೇಟಿನ ದಾರಿ ಹಿಡಿದವರಲ್ಲಿ ಮುಗಿಸಿದವರು ಶೇಕಡಾ 46. ಪಾಠ ಅದೇ, ಮೇಷ್ಟ್ರೂ ಅವರೇ.

ವಿಡಿಯೋವನ್ನು ತುಂಡು ಮಾಡಿ. ಐದಾರು ನಿಮಿಷಕ್ಕೆ ಒಮ್ಮೆ ನಿಲ್ಲಿಸಿ, ಈವರೆಗೆ ಹೇಳಿದ್ದರ ಮೇಲೆ ತಾನೇ ಒಂದು ಪ್ರಶ್ನೆ ಹಾಕಿಕೊಂಡು ಉತ್ತರ ಬರೆಯಬೇಕು. 2013ರಲ್ಲಿ ಹಾರ್ವರ್ಡಿನ ಸಂಶೋಧಕರು 21 ನಿಮಿಷದ ಒಂದು ಸ್ಟಾಟಿಸ್ಟಿಕ್ಸ್ ಪಾಠವನ್ನು ನಾಲ್ಕು ಭಾಗ ಮಾಡಿ, ಪ್ರತಿ ಭಾಗದ ಕೊನೆಗೆ ಸಣ್ಣ ಪರೀಕ್ಷೆ ಇಟ್ಟರು. ಹಾಗೆ ಮಾಡಿದ ಗುಂಪಿನಲ್ಲಿ ಮನಸ್ಸು ಬೇರೆಡೆ ಹೋಗುವುದು ಕಡಿಮೆಯಾಯಿತು, ನೋಟ್ಸ್ ಜಾಸ್ತಿ ಬರೆದರು, ಕೊನೆಯ ಪರೀಕ್ಷೆಯಲ್ಲೂ ಮುಂದಿದ್ದರು.

ವೇಗ ಜಾಸ್ತಿ ಇಟ್ಟು ನೋಡಿದರೆ ಬೈಯಬೇಡಿ. ಗಟ್ಟಿ ಇರುವ ವಿಷಯದಲ್ಲಿ ಒಂದೂವರೆ ಪಟ್ಟು ವೇಗ ಏನೂ ಹಾಳು ಮಾಡುವುದಿಲ್ಲ. ಹೊಸ ಪಾಠ, ಹೊಸ ಇಂಗ್ಲಿಷ್ ಇದ್ದಾಗ ಮಾತ್ರ ಸಾಮಾನ್ಯ ವೇಗವೇ ಇರಲಿ.

ಇನ್ನೊಂದು ವಿಷಯವನ್ನು ಯಾರೂ ಹೇಳುವುದಿಲ್ಲ. ಕೆಸಿಇಟಿಯಲ್ಲಿ, ಅಂದರೆ ನಮ್ಮ ರಾಜ್ಯದ ಸಿಇಟಿಯಲ್ಲಿ, ಒಂದೊಂದು ವಿಷಯಕ್ಕೆ 80 ನಿಮಿಷದಲ್ಲಿ 60 ಆಯ್ಕೆ ಪ್ರಶ್ನೆ, ನಿಜ. ಆದರೆ ಎಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿ ಅಂಕದ ಅರ್ಧ ಮತ್ತು ಸೆಕೆಂಡ್ ಪಿಯುಸಿ ಅಂಕದ ಅರ್ಧ ಸೇರಿಸುತ್ತಾರೆ. ಪಿಯುಸಿ ಪರೀಕ್ಷೆ ಕೈಯಲ್ಲಿ ಬರೆಯುವುದು. ಡಿರೈವೇಶನ್ನಿನ ಹಂತ, ಚಿತ್ರ, ಯೂನಿಟ್ಟು, ಎಲ್ಲದಕ್ಕೂ ಅಂಕ ಇದೆ. ಆಯ್ಕೆ ಪ್ರಶ್ನೆ ತಿದ್ದುವ ಆಪ್‌ಗೆ ನಿಮ್ಮ ಮಗಳು ಬರೆದ ಡಿರೈವೇಶನ್ ಕಾಣುವುದಿಲ್ಲ. ಅದನ್ನು ಕೆಂಪು ಪೆನ್ನು ಹಿಡಿದು ನೋಡುವವರು ಒಬ್ಬರು ಬೇಕೇ ಬೇಕು. ಪ್ರಾಕ್ಟಿಕಲ್‌ಗಂತೂ ಲ್ಯಾಬಿಗೆ ಹೋಗಲೇಬೇಕು, ಟೈಟ್ರೇಶನ್ ವಿಡಿಯೋ ನೋಡಿದರೆ ಬ್ಯುರೆಟ್ ಹಿಡಿಯಲು ಬರುವುದಿಲ್ಲ.

ಎದುರು ಕೂತು ಕಲಿಯುವುದಾದರೆ

ಕ್ಲಾಸಿಗೆ ಸೇರಿಸಿದ ಮಾತ್ರಕ್ಕೆ ಯಾರೋ ಗಮನಿಸುತ್ತಾರೆ ಅಂತಲ್ಲ. 120 ಮಕ್ಕಳ ಬ್ಯಾಚಿನಲ್ಲಿ ಕೊನೆ ಬೆಂಚಿನಲ್ಲಿ ಕೂತರೆ ಅದೂ ಒಂದು ವಿಡಿಯೋನೇ, ನಿಲ್ಲಿಸುವ ಬಟನ್ ಇಲ್ಲದ ವಿಡಿಯೋ. ಡೆಮೊ ಕ್ಲಾಸಿಗೆ ಹೋದಾಗ ಮೇಷ್ಟ್ರು ಎಷ್ಟು ಚೆನ್ನಾಗಿ ಮಾತಾಡುತ್ತಾರೆ ಅಂತ ನೋಡಬೇಡಿ, ಎಷ್ಟು ಸಲ ನಿಲ್ಲಿಸಿ ಮಕ್ಕಳ ಕೈಯಲ್ಲಿ ಲೆಕ್ಕ ಮಾಡಿಸುತ್ತಾರೆ ಅಂತ ನೋಡಿ. ಹಾರ್ವರ್ಡಿನಲ್ಲಿ ಫಿಸಿಕ್ಸ್ ವಿದ್ಯಾರ್ಥಿಗಳ ಮೇಲೆ ನಡೆದ, 2019ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ತಾವೇ ಲೆಕ್ಕ ಬಿಡಿಸುತ್ತಾ ಕಲಿತ ಮಕ್ಕಳಿಗೆ ಅಂಕ ಜಾಸ್ತಿ ಬಂತು. ಆದರೆ "ಜಾಸ್ತಿ ಕಲಿತೆ" ಅನ್ನಿಸಿದ್ದು ಸರಾಗವಾದ ಭಾಷಣ ಕೇಳಿದವರಿಗೆ. ಡೆಮೊ ಮುಗಿಸಿ ಬಂದ ಮಗು "ಸೂಪರ್ ಪಾಠ" ಅಂದರೆ ಅದೊಂದನ್ನೇ ನಂಬಿ ಫೀಸ್ ಕಟ್ಟಬೇಡಿ.

ಆಫೀಸಲ್ಲಿ ನೇರವಾಗಿ ಕೇಳಿ. ಬ್ಯಾಚಲ್ಲಿ ಎಷ್ಟು ಜನ? ವಾರದ ಟೆಸ್ಟ್ ಪೇಪರ್ ಯಾರು ತಿದ್ದುತ್ತಾರೆ, ಎಷ್ಟು ದಿನದಲ್ಲಿ ವಾಪಸ್ ಕೊಡುತ್ತಾರೆ? ಎರಡು ದಿನ ಮಗು ಬರದಿದ್ದರೆ ಮನೆಗೆ ಫೋನ್ ಬರುತ್ತದಾ? ಕಳೆದ ವರ್ಷದ ಟಾಪರ್‌ಗಳ ಫೋಟೋ ತೋರಿಸಿದರೆ, ಒಟ್ಟು ಎಷ್ಟು ಜನ ಸೇರಿದ್ದರು, ಉಳಿದವರಿಗೆ ಎಷ್ಟು ಬಂತು ಅಂತ ಕೇಳಿ. ಈ ಕೊನೆಯ ಪ್ರಶ್ನೆಗೆ ಬಹಳ ಕಡೆ ಉತ್ತರ ಸಿಗುವುದಿಲ್ಲ, ಸಿಕ್ಕಿದ ಕಡೆ ಧೈರ್ಯವಾಗಿ ಸೇರಿಸಬಹುದು.

ಓಡಾಟದ ಹೊತ್ತನ್ನೂ ಲೆಕ್ಕ ಹಾಕಿ. ಕಾಲೇಜು ಮುಗಿಸಿ ಬಸ್ಸಲ್ಲಿ ನಿಂತುಕೊಂಡು ಟ್ಯೂಷನ್ನಿಗೆ ಹೋಗಿ ರಾತ್ರಿ ಒಂಬತ್ತಕ್ಕೆ ಮನೆ ಸೇರುವ ಮಗುವಿಗೆ ಆ ಕ್ಲಾಸಲ್ಲಿ ಕೇಳಿದ್ದನ್ನು ಬರೆದು ನೋಡುವ ಶಕ್ತಿ ಎಲ್ಲಿಂದ ಬರಬೇಕು? ದಿನಕ್ಕೆ ಎರಡು ಗಂಟೆ ಓಡಾಟ ಆಗುತ್ತಿದ್ದರೆ, ಕಷ್ಟದ ಒಂದು ವಿಷಯಕ್ಕೆ ಮಾತ್ರ ವಾರಕ್ಕೆ ಎರಡು ದಿನ ಹೋಗಲಿ. ಉಳಿದದ್ದು ಮನೆಯಲ್ಲಿ.

ಬೆರೆಸುವುದು ಹೇಗೆ

ನಮ್ಮಲ್ಲೇ ಒಂದು ಒಳ್ಳೆ ಮಾದರಿ ಇದೆ, ಐಐಟಿಗಳು ಮತ್ತು ಬೆಂಗಳೂರಿನ ಐಐಎಸ್‌ಸಿ ಸೇರಿ ನಡೆಸುವ ಎನ್‌ಪಿಟೆಲ್. ಪಾಠ ಆನ್‌ಲೈನಲ್ಲಿ, ಉಚಿತ. ಆದರೆ ಪ್ರತಿ ವಾರ ಅಸೈನ್‌ಮೆಂಟಿಗೆ ಕೊನೆ ದಿನಾಂಕ ಇರುತ್ತದೆ. ಸರ್ಟಿಫಿಕೇಟ್ ಬೇಕಾದರೆ ಕೊನೆಗೆ ಪರೀಕ್ಷಾ ಕೇಂದ್ರಕ್ಕೇ ಹೋಗಿ ಬರೆಯಬೇಕು. 100ಕ್ಕೆ 25 ಅಂಕ ಅಸೈನ್‌ಮೆಂಟಿಗೆ, 75 ಆ ಪರೀಕ್ಷೆಗೆ. ಕೇಳುವುದು ಸ್ಕ್ರೀನಿನಲ್ಲಿ, ಗಡುವು ಹೊರಗಿನವರದ್ದು, ಪರೀಕ್ಷೆ ಮನುಷ್ಯರ ಎದುರಿಗೆ. ಈ ಮೂರನ್ನು ಮನೆಯಲ್ಲೂ ಮಾಡಬಹುದು. ಸೋಮವಾರದಿಂದ ಗುರುವಾರ ವಿಡಿಯೋ ಮತ್ತು ಲೆಕ್ಕ. ಶುಕ್ರವಾರ ಸಿಕ್ಕಿಕೊಂಡ ಲೆಕ್ಕಗಳ ಪಟ್ಟಿ. ಶನಿವಾರ ಲೆಕ್ಚರರ್ ಹತ್ತಿರವೋ, ಪಕ್ಕದ ಬೀದಿಯಲ್ಲಿ ಎಂಎಸ್ಸಿ ಮಾಡುತ್ತಿರುವ ಅಕ್ಕನ ಹತ್ತಿರವೋ ಒಂದು ಗಂಟೆ ಕೂತು ಆ ಪಟ್ಟಿ ಮುಗಿಸುವುದು. ಭಾನುವಾರ ಬೆಳಿಗ್ಗೆ ಗಡಿಯಾರ ಇಟ್ಟು ಟೆಸ್ಟ್.

ಚಿಕ್ಕ ಮಕ್ಕಳಿಗೆ ಈ ಯಾವ ಲೆಕ್ಕವೂ ಬೇಡ. ಐದನೇ ಕ್ಲಾಸಿನವರೆಗೆ ಎದುರಿಗೆ ಕೂರಿಸಿ ಕಲಿಸುವುದು ಬಿಟ್ಟು ಬೇರೆ ದಾರಿ ಇಲ್ಲ. ಕೋವಿಡ್ ಹೊತ್ತಲ್ಲಿ ನಮ್ಮ ರಾಜ್ಯದ 1ರಿಂದ 5ನೇ ತರಗತಿ ಮಕ್ಕಳು ಮತ್ತೆ ಶಾಲೆಗೆ ಬಂದಿದ್ದು 2021ರ ಅಕ್ಟೋಬರ್ 25ಕ್ಕೆ. ಅದಕ್ಕೂ ಮೊದಲೇ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಕರ್ನಾಟಕವೂ ಸೇರಿ ಐದು ರಾಜ್ಯಗಳ 16,067 ಮಕ್ಕಳನ್ನು ಪರೀಕ್ಷಿಸಿತ್ತು. ಭಾಷೆಯಲ್ಲಿ ಮೊದಲು ಬರುತ್ತಿದ್ದ ಒಂದಾದರೂ ಕೌಶಲವನ್ನು ಶೇಕಡಾ 92 ಮಕ್ಕಳು ಮರೆತಿದ್ದರು, ಗಣಿತದಲ್ಲಿ ಶೇಕಡಾ 82. ಆ ಮಕ್ಕಳೇ ಈಗ ಹೈಸ್ಕೂಲು, ಪಿಯುಸಿ ಮೆಟ್ಟಿಲು ಹತ್ತುತ್ತಿದ್ದಾರೆ. ನಿಮ್ಮ ಮಗಳಿಗೆ ಭಿನ್ನರಾಶಿಯಲ್ಲೋ ಬೀಜಗಣಿತದಲ್ಲೋ ವಿಚಿತ್ರವಾದ ಒಂದು ತೂತು ಕಂಡರೆ ದಡ್ಡಿ ಅನ್ನಬೇಡಿ, ಅದನ್ನು ಅವಳು ಕಲಿಯಬೇಕಿದ್ದ ವರ್ಷದಲ್ಲಿ ಶಾಲೆಯೇ ಇರಲಿಲ್ಲ.

ಮಧ್ಯದಲ್ಲಿ ಬದಲಾಯಿಸಬೇಕಾದರೆ

ಮೊದಲ ಎರಡು ಟೆಸ್ಟಿನ ಅಂಕ ಕೈಗೆ ಬಂದ ಮೇಲೆ ಮತ್ತೆ ಕೂತು ನೋಡಿ. ವಿಡಿಯೋ ಬಾಕಿ ಬೀಳುತ್ತಾ ಹೋಗಿದೆಯಾ? ಹತ್ತು ಪಾಠ ಬಾಕಿ ಅಂದರೆ ಆ ಮಗು ಇನ್ನು ಅದನ್ನು ಮುಗಿಸುವುದಿಲ್ಲ. ದಸರಾ ರಜೆಯೊಳಗೆ ಬದಲಾಯಿಸಿ. ಡಿಸೆಂಬರ್ ಆದಮೇಲೆ ಹೊಸ ಮೇಷ್ಟ್ರು, ಹೊಸ ಜಾಗ ಹೊಂದಿಸಿಕೊಳ್ಳುವುದರಲ್ಲೇ ಮಗು ಸುಸ್ತಾಗುತ್ತದೆ. ಇದಕ್ಕಾಗಿಯೇ ಇಡೀ ಎರಡು ವರ್ಷದ ಫೀಸನ್ನು ಒಮ್ಮೆಗೇ ಕಟ್ಟಬೇಡಿ ಅನ್ನೋದು, ಕಂತಲ್ಲಿ ಕಟ್ಟಿ, ಹಣ ವಾಪಸ್ ಮಾಡುವ ಷರತ್ತು ಬರಹದಲ್ಲಿ ತಗೊಳ್ಳಿ. ಆಗಲೇ ಕಟ್ಟಿಬಿಟ್ಟಿದ್ದೀರಾ? ಹೋದ ದುಡ್ಡಿನ ಮುಖ ನೋಡಿ ಮಗುವನ್ನು ಅದರಲ್ಲೇ ಕೂರಿಸಬೇಡಿ. ಆಪನ್ನು ಟೆಸ್ಟ್ ಬರೆಯುವುದಕ್ಕೆ ಮಾತ್ರ ಇಟ್ಟುಕೊಳ್ಳಿ.

ಹೊಸದಾಗಿ ಕಟ್ಟಲು ದುಡ್ಡಿಲ್ಲದಿದ್ದರೆ ಕಾಲೇಜಿನ ಸ್ಟಾಫ್ ರೂಮಿದೆ. ಸರ್ಕಾರಿ ಕಾಲೇಜಾಗಲಿ, ಖಾಸಗಿಯಾಗಲಿ, ಡೌಟ್ ಹಿಡಿದುಕೊಂಡು ಬಂದ ಮಗುವನ್ನು ವಾಪಸ್ ಕಳಿಸುವ ಲೆಕ್ಚರರ್ ಕಡಿಮೆ. ಮಗಳು ಒಬ್ಬಳೇ ಹೋಗಲು ಹೆದರಿದರೆ ಇಬ್ಬರು ಗೆಳತಿಯರ ಜೊತೆ ಹೋಗಲಿ, ಮಧ್ಯಾಹ್ನ ಊಟದ ಬಿಡುವು ಮುಗಿಯುವ ಹೊತ್ತಿಗೆ. "ಸರ್, ಈ ಪಾಠ ಅರ್ಥ ಆಗಿಲ್ಲ" ಅನ್ನಬಾರದು, ಅದಕ್ಕೆ ಅವರು ಏನು ಹೇಳಿಯಾರು? ತಾನು ಬಿಡಿಸಿದ ಲೆಕ್ಕದ ಪುಟ ತೆರೆದು, ಸಿಕ್ಕಿಕೊಂಡ ಸಾಲಿನ ಕೆಳಗೆ ಗೆರೆ ಎಳೆದು, "ಸರ್, ಇಲ್ಲಿವರೆಗೆ ಬಂತು, ಇಲ್ಲಿಂದ ಹೋಗ್ತಿಲ್ಲ" ಅಂತ ತೋರಿಸಲಿ.